ಅಪ್ಪನ ಅರವತ್ತಕ್ಕೆ ಅಜ್ಜನ ಕೋವಿ

ಪ್ರಶ್ನೆ: ನನ್ನ ತಂದೆಗೆ ಬರುವ ಧನು ಮಾಸದಲ್ಲಿ ಅರವತ್ತು ತುಂಬುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ ನಮ್ಮ ಅಡಿಕೆ ತೋಟ. ಹಂದಿ ಕಾಟವೆಂದು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೋವಿಯೊಂದು ಅವರಲ್ಲಿದೆ. ಷಷ್ಟ್ಯಬ್ದಿಯ ದಿನ ಬೆಳ್ಳಿಯ ಕೆತ್ತನೆಯಿರುವ ಒಳ್ಳೆಯ ಜೋಡುನಳಿಗೆ ಕೋವಿಯೊಂದನ್ನು ಗುಟ್ಟಾಗಿ ತಂದು ಅವರ ಕೈಗೆ ಕೊಡಬೇಕೆಂದು ನನಗೂ ತಮ್ಮನಿಗೂ ಆಸೆ. ಮಂಗಳೂರಿನಲ್ಲಿ ವಿಚಾರಿಸುತ್ತೇನೆ ಎನ್ನುತ್ತಾನೆ ತಮ್ಮ. ಅಂದು ಅಂಗಳದಲ್ಲಿ ಎರಡು ಈಡು ಹೊಡೆಯಬೇಕೆಂಬುದೂ ಅವನ ಮನಸ್ಸು. ಕೊಡಗಿನ ಪರಿಚಯದವರಿಂದ ತರಿಸಬಹುದು ಎಂದು ಮಾವ ಹೇಳುತ್ತಾರೆ. ನಾಲ್ಕು ವರ್ಷದ ಹಿಂದೆ ತೀರಿಹೋದ ಅಜ್ಜನ ಹಳೆಯ ಇಂಗ್ಲಿಷ್ ಕೋವಿಯೊಂದು ಡೀಲರ್ ಬಳಿ ಠೇವಣಿಯಲ್ಲಿದೆ, ಆದರೆ ಅದು ತುಂಬ ಹಳತು. ಯಾವ ಕೋವಿಯನ್ನು ಆರಿಸಲಿ?
— ಬೆಂಗಳೂರಿನಲ್ಲಿರುವ ಮಗಳು

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬರೆದು ಬಿಟ್ಟ ಸಾಲೇ ನನ್ನ ಕಣ್ಣಿಗೆ ಮೊದಲು ಬಿದ್ದದ್ದು. ಅಜ್ಜನ ಕೋವಿ ಡೀಲರ್ ಬಳಿ ಇದೆ ಎಂದಿರಿ. ಠೇವಣಿಯ ರಸೀದಿ ಎಲ್ಲಿದೆ? ಈ ವಾರವೇ ಹುಡುಕಿಸಿ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯಲ್ಲೋ ಇಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯಿದೆ ಹೇಳುತ್ತದೆ. ಆ ಠೇವಣಿಗೆ ಅವಧಿಯಿದೆ. ವಾರಸುದಾರರು ಲೈಸೆನ್ಸ್ ಮಾಡಿಸಿಕೊಂಡು ಬಿಡಿಸಿಕೊಳ್ಳದೆ ಅವಧಿ ಮೀರಿದರೆ ಕೋವಿ ಸರಕಾರದ ಪಾಲಾಗುತ್ತದೆ. ನಾಲ್ಕು ವರ್ಷವೆಂದರೆ ಕಡಿಮೆಯಲ್ಲ. ಹೊಸ ಕೋವಿಯ ಆಯ್ಕೆಯನ್ನು ಆಮೇಲೆ ನೋಡೋಣ, ಮೊದಲು ಅದರ ಗತಿ ಏನಾಗಿದೆಯೆಂದು ತಿಳಿಯಿರಿ.

ನಲವತ್ತು ವರ್ಷ ಕೋವಿ ದುರಸ್ತಿ ಮಾಡಿದವನು ನಾನು. ಅದಕ್ಕೂ ಮೊದಲು ನನ್ನ ತಂದೆ ಇದೇ ಕೆಲಸ ಮಾಡಿದವರು. ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಆ ಕೋವಿಯ ನಳಿಗೆ ಆರೋಗ್ಯವಾಗಿದ್ದರೆ ನಿಮ್ಮ ತಂದೆಗೆ ಅದಕ್ಕಿಂತ ದೊಡ್ಡ ಉಡುಗೊರೆಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾರಿರಿ. ಅದನ್ನು ಕಾನೂನು ಪ್ರಕಾರ ಅವರ ಹೆಸರಿಗೆ ಮಾಡಿಸಿ, ಅವರ ಮೈಗೆ ಹೊಂದಿಸಿ, ಮನೆಗೆ ತರಿಸಿ.

ಗುಟ್ಟಾಗಿ ತಂದುಕೊಡುವ ಆಸೆಯನ್ನು ಮಾತ್ರ ಇಲ್ಲಿಗೇ ಬಿಡಬೇಕು. ವಾಚಿನಂತೆಯೋ ಸರದಂತೆಯೋ ಕೋವಿಯನ್ನು ಪೆಟ್ಟಿಗೆಯಲ್ಲಿ ಕಟ್ಟಿ ತರಲಾಗದು. ಕೊಳ್ಳುವವರು, ಕೈಯಲ್ಲಿ ಹಿಡಿಯುವವರು ಲೈಸೆನ್ಸುದಾರರೇ ಆಗಿರಬೇಕು. ಡೀಲರ್ ಅವರ ಲೈಸೆನ್ಸ್ ಪುಸ್ತಕದಲ್ಲಿ ಕೋವಿಯ ನಂಬರು, ತಯಾರಕರ ಹೆಸರು, ಬೋರ್ (ನಳಿಗೆಯ ಒಳ ಅಳತೆ) ಎಲ್ಲವನ್ನೂ ಬರೆದು ಸಹಿ ಮಾಡಿದ ಮೇಲೆಯೇ ಅದು ಅಂಗಡಿಯಿಂದ ಹೊರಬೀಳಬೇಕು. ನೀವು ಹಣ ಕೊಟ್ಟರೂ ಬಿಲ್ ತಂದೆಯ ಹೆಸರಿಗೇ ಆಗಬೇಕು. ನಿಮ್ಮ ತಮ್ಮ ಪ್ರೀತಿಯಿಂದಲೇ ಅದನ್ನು ಕಾರಿನಲ್ಲಿಟ್ಟು ತಲಪಾಡಿಯ ರಾಜ್ಯಗಡಿ ದಾಟಿದರೂ, ಲೈಸೆನ್ಸ್ ಇಲ್ಲದೆ ಶಸ್ತ್ರ ಸಾಗಿಸಿದ ಅಪರಾಧಿಯಾಗುತ್ತಾನೆ. ತಂದೆಯೇ ಹೋಗಿ ಮಂಗಳೂರಿನಲ್ಲಿ ಕೊಂಡರೂ ಅವರ ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಅನ್ವಯವೆಂದು ಬರೆದಿದೆ ನೋಡಬೇಕು. ನಮ್ಮ ಕಡೆಯ ಕೃಷಿಕರ ಬಹುತೇಕ ಲೈಸೆನ್ಸುಗಳು ಜಿಲ್ಲೆಗೋ ಕೇರಳಕ್ಕೋ ಸೀಮಿತ. ಹೊರ ರಾಜ್ಯದಿಂದ ತರುವುದಾದರೆ ವಿದ್ಯಾನಗರದ ಕಲೆಕ್ಟರೇಟಿನಿಂದ ಮೊದಲೇ ಅನುಮತಿ ಪಡೆಯಬೇಕು.

ಕೊಡಗಿನ ಮಾತಿಗೆ ಬಂದರೆ, ನಿಮ್ಮ ಮಾವನ ಸಲಹೆ ಪ್ರೀತಿಯದ್ದಾದರೂ ಅಪಾಯಕಾರಿ. ಪಾಣತ್ತೂರು ದಾಟಿದರೆ ಆಚೆ ಭಾಗಮಂಡಲ, ಅಲ್ಲಿ ಮನೆಮನೆಯಲ್ಲೂ ಕೋವಿ ಇರುವುದು ನಿಜ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2029ರವರೆಗೆ ಮುಂದುವರಿಸಿದೆ. ಗಂಡುಮಗು ಹುಟ್ಟಿದರೆ ಒಂದು ಈಡು ಹೊಡೆಯುವ, ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಜನ ಅವರು. ಅವರಲ್ಲಿ ಕೋವಿಗಿರುವ ಮರ್ಯಾದೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ವಿನಾಯಿತಿ ಅವರಿಗೆ ಮಾತ್ರ. ಕೋವಿ ಬೆಟ್ಟ ಇಳಿದು ನಿಮ್ಮ ಚಾವಡಿಗೆ ಬಂದ ಕ್ಷಣದಿಂದ ಅದು ಲೈಸೆನ್ಸ್ ಇಲ್ಲದ ಕೋವಿ. ಕಾಡಂಚಿನಲ್ಲಿ ಯಾರೋ ಗುಟ್ಟಾಗಿ ಮಾಡಿ ಮಾರುವ ಕಳ್ಳಕೋವಿಯ ಸುದ್ದಿ ಕಿವಿಗೆ ಬಿದ್ದರೂ ಅತ್ತ ಹೋಗಬೇಡಿ. ನೀರಿನ ಪೈಪನ್ನು ನಳಿಗೆಯಾಗಿಸಿದ ಅಂಥ ಕೋವಿ ಸಿಡಿದು ಎಡಗೈಯ ಮೂರು ಬೆರಳು ಕಳೆದುಕೊಂಡವರೊಬ್ಬರು ನನ್ನಲ್ಲಿಗೆ ಬಂದಿದ್ದರು. ಬೇರೆ ಕೋವಿಯನ್ನು ಬಲಗೈಯೊಂದರಿಂದಲೇ ಹಿಡಿಯುವಂತೆ ಮಾಡಿಕೊಡಬಹುದೇ ಎಂದು ಕೇಳಲು ಬಂದಿದ್ದರು. ಆ ಕೈಯನ್ನು ನಾನು ಇನ್ನೂ ಮರೆತಿಲ್ಲ.

ಎರಡು ಈಡಿನ ವಿಚಾರವನ್ನೂ ತಮ್ಮನಿಗೆ ಹೇಳಿಬಿಡಿ. ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಬಳಿಕ ಮದುವೆ, ಪೂಜೆ, ಸಮಾರಂಭಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆಂದು ಕೋವಿ ಹಾರಿಸುವುದು ಅಪರಾಧ. ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರವತ್ತರ ಹೊಸ್ತಿಲಲ್ಲಿ ನಿಮ್ಮ ತಂದೆ ಲೈಸೆನ್ಸನ್ನೂ ಕಳೆದುಕೊಳ್ಳಬೇಕಾದೀತು. ಅಂಗಳದಲ್ಲಿ ಚೆಂಡೆ ಬಾರಿಸಿ, ಅದು ಬೇಕಾದಷ್ಟಾಯಿತು.

ಈಗ ಅಜ್ಜನ ಕೋವಿಗೆ ಬರೋಣ. ಅದೇ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರೊಳಗೇ ಸೇರಬೇಕು. ತಂದೆಯ ಬಳಿ ಒಂದಿರುವುದರಿಂದ ಜಾಗ ಇನ್ನೊಂದಕ್ಕೆ ಮಾತ್ರ. ಹೊಸತನ್ನು ಕೊಂಡಿರೋ, ಅಜ್ಜನದ್ದಕ್ಕೆ ಬಾಗಿಲು ಮುಚ್ಚಿತು. ನಾನು ಅವಸರ ಮಾಡುವುದು ಇದಕ್ಕಾಗಿಯೇ. ಅರ್ಜಿಗೆ ಅಜ್ಜನ ಮರಣ ಪ್ರಮಾಣಪತ್ರ, ಅವರ ಹಳೆಯ ಲೈಸೆನ್ಸ್, ಠೇವಣಿ ರಸೀದಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತವೆ. ತಂದೆಯ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲೆಲ್ಲಿದ್ದಾರೋ ಅವರೆಲ್ಲರ ಸಹಿ ಪಡೆಯುವ ಓಡಾಟವನ್ನು ನೀವು ವಹಿಸಿಕೊಳ್ಳಿ. ಹಣಕ್ಕಿಂತ ಹೆಚ್ಚಿನ ಉಡುಗೊರೆ ಆ ಓಡಾಟ. ಪೊಲೀಸ್ ವರದಿ ಬರಬೇಕು, ಕಡತ ಮೇಜಿನಿಂದ ಮೇಜಿಗೆ ಸಾಗಬೇಕು. ತಿಂಗಳುಗಳೇ ಹಿಡಿಯುತ್ತವೆ. ಒಮ್ಮೆ ಸಿಕ್ಕಿದ ಲೈಸೆನ್ಸ್ ಈಗ ಐದು ವರ್ಷ ನಡೆಯುತ್ತದೆ.

ಇನ್ನೊಂದು ಸಂಗತಿ ನಿಮ್ಮಂಥ ಮನೆಗಳಿಗೆ ತಿಳಿದಿರುವುದಿಲ್ಲ. ಕೋವಿ ಕೈಬದಲಾಗಲು ಸಾವಿನವರೆಗೆ ಕಾಯಬೇಕಿಲ್ಲ. ಲೈಸೆನ್ಸುದಾರರಿಗೆ ಎಪ್ಪತ್ತು ತುಂಬಿದರೆ ಅಥವಾ ಆ ಕೋವಿಯನ್ನು ಇಪ್ಪತ್ತೈದು ವರ್ಷ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಿಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ಪಡೆಯುವವರಿಗೆ ಇಪ್ಪತ್ತೊಂದು ತುಂಬಿರಬೇಕು. ನಿಮ್ಮ ತಂದೆಯಿಂದ ಮುಂದೆ ನಿಮಗೋ ತಮ್ಮನಿಗೋ ಬರುವ ದಾರಿ ಇದು. ಮಗಳಿಗೂ ಬರುತ್ತದೆ, ಮರೆಯಬೇಡಿ.

ಕಾಗದದ ಕೆಲಸ ನಡೆಯುತ್ತಿರುವಾಗಲೇ ಡೀಲರ್ ಎದುರಿನಲ್ಲಿ ಕೋವಿಯನ್ನು ಪರೀಕ್ಷಿಸಬೇಕು. ಕಾಸರಗೋಡು 1956ರವರೆಗೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತಲ್ಲ, ನಮ್ಮ ಹಳೆಯ ಮನೆಗಳಲ್ಲಿರುವ ಇಂಗ್ಲಿಷ್ ಕೋವಿಗಳ ನಡುಪಟ್ಟಿಯ, ಅಂದರೆ ಎರಡು ನಳಿಗೆಗಳ ನಡುವೆ ಉದ್ದಕ್ಕಿರುವ ಪಟ್ಟಿಯ ಮೇಲೆ ಮದರಾಸಿನ ಅಂಗಡಿಯ ಹೆಸರು ಕಾಣುವುದುಂಟು. ಮಾಡಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಮಾರಿದ್ದು ಮದರಾಸಿನಲ್ಲಿ. ವೆಬ್ಲಿ ಸ್ಕಾಟ್, ಗ್ರೀನರ್, ವೆಸ್ಟ್ಲಿ ರಿಚರ್ಡ್ಸ್ ಎಂಬ ಹೆಸರುಗಳು ಕಂಡರೆ ಒಳ್ಳೆಯದೇ, ಆದರೆ ಹೆಸರಿಗೆ ಮರುಳಾಗಬೇಡಿ. ಕೋವಿಯನ್ನು ಮಡಿಚಿ ನಳಿಗೆಗಳನ್ನು ಬೇರ್ಪಡಿಸಿದರೆ ಬುಡದ ಚಪ್ಪಟೆ ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಕೋವಿಯ ಜಾತಕ ಇರುವುದು ಅಲ್ಲಿ. 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನಲ್ಲಿ ಪ್ರತಿ ಕೋವಿಗೂ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡದ್ದಕ್ಕೆ ಮಾತ್ರ ಮುದ್ರೆ ಒತ್ತುತ್ತಿದ್ದರು. ಕಿರೀಟದ ಕೆಳಗೆ ‘ಎನ್‌ಪಿ’ ಅಥವಾ ‘ಬಿಎನ್‌ಪಿ’ ಅಕ್ಷರಗಳಿದ್ದರೆ ಈಗಿನ ಹೊಗೆಯಿಲ್ಲದ ಮದ್ದಿಗೆ ಅದು ಪರೀಕ್ಷೆ ಪಾಸಾಗಿದೆ ಎಂದು ಅರ್ಥ. ಹೊಗೆಯಿಲ್ಲದ ಮದ್ದಿನ ಪರೀಕ್ಷೆಯ ಯಾವ ಗುರುತೂ ಇಲ್ಲದಿದ್ದರೆ ಅದು ಕರಿಮದ್ದಿನ ನಳಿಗೆ ಎಂದೇ ತಿಳಿಯಿರಿ. ಅದರಲ್ಲಿ ಇಂದಿನ ತೋಟೆ (ಕಾಡತೂಸು) ಹಾಕಕೂಡದು.

ನಳಿಗೆಯ ಮೈಮೇಲೆ ಹಾವಿನ ಪೊರೆಯಂಥ ಬಳ್ಳಿಬಳ್ಳಿ ಚಿತ್ತಾರ ಕಂಡರೆ ಇನ್ನಷ್ಟು ಎಚ್ಚರ ಬೇಕು. ಡಮಾಸ್ಕಸ್ ನಳಿಗೆಯೆಂದು ಅದಕ್ಕೆ ಹೆಸರು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿನ ಸುತ್ತ ಸುರುಳಿಯಾಗಿ ಸುತ್ತಿ, ಕಾಯಿಸಿ ಬಡಿದು ಮಾಡಿದ್ದು. ನೋಡಲು ಅದರಷ್ಟು ಚೆಂದದ್ದು ಬೇರೊಂದಿಲ್ಲ. ಆದರೆ ಸುರುಳಿಯ ಬೆಸುಗೆಯೊಳಗೆ ನೂರು ವರ್ಷದಲ್ಲಿ ಎಲ್ಲಿ ತುಕ್ಕು ಹೊಕ್ಕಿದೆಯೆಂದು ಹೊರಗಿನಿಂದ ಗೊತ್ತಾಗದು.

ಮುದ್ರೆಗಳ ಜೊತೆಗೆ ತೋಟೆಯ ಮನೆಯ, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗದ ಉದ್ದವನ್ನೂ ಓದಿಸಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಸಾಮಾನ್ಯವಾಗಿ ಎರಡೂವರೆ ಇಂಚು, 65 ಮಿಲಿಮೀಟರ್ ಎಂದು ಕರೆಯುವ ಅಳತೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ತೋಟೆ 70 ಮಿಲಿಮೀಟರ್ ಉದ್ದದ್ದು. ಮೋಸ ಎಲ್ಲಿದೆಯೆಂದರೆ, ಆ 70ರ ಅಳತೆ ಹಾರಿದ ಮೇಲಿನದ್ದು. ಬಾಯಿ ಮಡಿಚಿರುವ ಹೊಸ ತೋಟೆ ಗಿಡ್ಡವಾಗಿರುವುದರಿಂದ ಹಳೆಯ ಕೋವಿಯಲ್ಲೂ ಸಲೀಸಾಗಿ ಕೂರುತ್ತದೆ. ಈಡಾದಾಗ ಮಡಿಕೆ ಬಿಚ್ಚಿ ಮುಂದೆ ಚಾಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೂತಿತು, ಹಾಗಾದರೆ ಸರಿಯಿದೆ ಎಂಬ ನಂಬಿಕೆಯಲ್ಲೇ ಹಳೆಯ ಕೋವಿಗಳು ಕೆಡುವುದು. ಅಳತೆ 65 ಆಗಿದ್ದರೆ ಅದೇ ಅಳತೆಯ ತೋಟೆ ಮಾತ್ರ ಬಳಸುವುದೆಂದು ತಂದೆಯಿಂದ ಮಾತು ತೆಗೆದುಕೊಳ್ಳಿ.

ಬಳಿಕ ಶಬ್ದ ಕೇಳಬೇಕು. ಬೇರ್ಪಡಿಸಿದ ನಳಿಗೆಯ ಬುಡದ ಕೊಕ್ಕೆಗೆ ಬೆರಳು ಸಿಕ್ಕಿಸಿ ತೂಗುಬಿಟ್ಟು, ಉಗುರಿನಿಂದ ಮೆಲ್ಲನೆ ತಟ್ಟಿ. ಎರಡು ನಳಿಗೆಗಳನ್ನು ಕೂಡಿಸಿದ ಬೆಸುಗೆ ಗಟ್ಟಿಯಿದ್ದರೆ ದೇವರ ಕೋಣೆಯ ಗಂಟೆಯಂತೆ ಸ್ವಲ್ಪ ಹೊತ್ತು ಅನುರಣಿಸುತ್ತದೆ. ಒಡೆದ ಮಡಕೆಯ ಶಬ್ದ ಬಂದರೆ ಎಲ್ಲೋ ಬೆಸುಗೆ ಬಿಟ್ಟಿದೆ. ಅನಂತರ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಒಳಗೋಡೆಯ ಮೇಲೆ ಬೆಳಕಿನ ಬಳೆಗಳು ದುಂಡಗೆ ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾದರೆ ಅಲ್ಲಿ ಹೊರಗಿನಿಂದ ಪೆಟ್ಟು ಬಿದ್ದಿದೆ. ಅಡೂರಿನ ಕಡೆಯ ಕೋವಿಯೊಂದನ್ನು ಹೀಗೆ ಬೆಳಕಿಗೆ ಹಿಡಿದಾಗ ಎಡನಳಿಗೆಯಲ್ಲಿ ಬೆಳಕೇ ಕಾಣಲಿಲ್ಲ. ಕುಂಬಾರ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ಅದರ ಹಿಂದೆಯೇ ತುಂಬಿದ ತೋಟೆಯೂ ಇತ್ತು. ಒಂದು ಮಳೆಗಾಲ ಅದು ಹಾಗೆಯೇ ಅಟ್ಟದಲ್ಲಿತ್ತಂತೆ. ಯಾರಾದರೂ ಗಡಿಬಿಡಿಯಲ್ಲಿ ಎತ್ತಿ ಹಾರಿಸಿದ್ದರೆ ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಅಂದಿನಿಂದ ಬೆಳಕಿಗೆ ಹಿಡಿದು ನೋಡದೆ ಯಾವ ಕೋವಿಯನ್ನೂ ನಾನು ಮುಂದೆ ಮುಟ್ಟಿಲ್ಲ.

ಇಷ್ಟರಲ್ಲಿ ಗೆದ್ದರೆ ಮೈಗೆ ಹೊಂದಿಸುವ ಕೆಲಸ. ಉಡುಗೊರೆಯ ಸ್ವಾರಸ್ಯ ಇರುವುದೇ ಇಲ್ಲಿ. ಇಂಗ್ಲಿಷ್ ಕೋವಿಗಳ ಮರದ ಹಿಡಿ ಟ್ರಿಗರಿನಿಂದ ಹಿಂತುದಿಯವರೆಗೆ ಹದಿನಾಲ್ಕೂವರೆ ಇಂಚಿನಷ್ಟಿರುವುದು ಸಾಮಾನ್ಯ. ನಮ್ಮ ಕಡೆಯ ಸಾಧಾರಣ ಎತ್ತರದವರಿಗೆ ಅದು ಉದ್ದವಾಗಿ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ. ತಂದೆಯವರು ಕಣ್ಣು ಮುಚ್ಚಿ ಖಾಲಿ ಕೋವಿಯನ್ನು ಭುಜಕ್ಕೇರಿಸಲಿ, ಕೆನ್ನೆಯನ್ನು ಮರಕ್ಕೆ ತಾಗಿಸಲಿ, ಆಮೇಲೆ ಕಣ್ಣು ತೆರೆಯಲಿ. ನಳಿಗೆಯ ತುದಿಯಲ್ಲಿ ಗುರಿ ನೋಡಲೆಂದಿರುವ ಮಣಿ ನಡುಪಟ್ಟಿಯ ನಡುವೆ ನೇರವಾಗಿ ಕೂತು ಕಂಡರೆ ಕೋವಿ ಅವರದ್ದು. ಪಟ್ಟಿ ಕಾಣದೆ ನಳಿಗೆಯ ಬುಡವೇ ಅಡ್ಡ ಬಂದರೆ ಕೆನ್ನೆಯ ಜಾಗ ತಗ್ಗಾಯಿತು. ಅರವತ್ತರ ಕುತ್ತಿಗೆ ಮೂವತ್ತರ ಕುತ್ತಿಗೆಯಷ್ಟು ಬಾಗುವುದಿಲ್ಲ, ಹಾಗಾಗಿ ಆ ಜಾಗವನ್ನು ತುಸು ಎತ್ತರಿಸಬೇಕಾಗುತ್ತದೆ. ಹಿಂತುದಿಯಲ್ಲಿ ಅರ್ಧ ಇಂಚು ಕೊಯ್ದು ರಬ್ಬರಿನ ಮೆತ್ತೆ ಕೂರಿಸಿದರೆ ಒದೆತವೂ ತಗ್ಗುತ್ತದೆ. ಕೊಯ್ದ ಮರದ ತುಂಡನ್ನು ಎಸೆಯದೆ ಬಟ್ಟೆಯಲ್ಲಿ ಸುತ್ತಿಡಿ. ಮುಂದೆ ಎತ್ತರದ ಮೊಮ್ಮಗನೊಬ್ಬ ಬಂದಾನು. ಮರವನ್ನು ಹೀಗೆ ಬದಲಿಸಬಹುದು. ನಳಿಗೆಯನ್ನು ಮಾತ್ರ ಒಂದು ನೂಲಿನಷ್ಟೂ ಗಿಡ್ಡ ಮಾಡಿಸಬೇಡಿ, ಅದು ಅಪರಾಧ. ನಂಬರು ಕೆತ್ತಿದ ಜಾಗವನ್ನು ತಿಕ್ಕಿ ಹೊಳಪು ಮಾಡಿಸುವುದೂ ಹಾಗೆಯೇ.

ಬೆಳ್ಳಿಯ ಕೆತ್ತನೆ ಬೇಕೆಂದಿರಲ್ಲ, ಅದಕ್ಕೊಂದು ಜಾಗ ಈಗಾಗಲೇ ಇರಬಹುದು. ಹಿಡಿಯ ಅಡಿಭಾಗದಲ್ಲಿ, ಹಿಂತುದಿಯಿಂದ ನಾಲ್ಕೈದು ಬೆರಳು ಮುಂದೆ, ಹುಣಸೆಬೀಜದ ಗಾತ್ರದ ಬೆಳ್ಳಿಯ ಬಿಲ್ಲೆಯೊಂದನ್ನು ಇಂಗ್ಲಿಷ್ ಕೆಲಸಗಾರರು ಕೂರಿಸುತ್ತಿದ್ದರು. ಒಡೆಯನ ಹೆಸರಿನ ಮೊದಲಕ್ಷರಗಳಿಗೆಂದೇ ಬಿಟ್ಟ ಜಾಗ ಅದು. ಅಜ್ಜನ ಅಕ್ಷರ ಅಲ್ಲಿದ್ದರೆ ಮುಟ್ಟಬೇಡಿ, ಪಕ್ಕದಲ್ಲಿ ಇನ್ನೊಂದು ಬಿಲ್ಲೆ ಕೂರಿಸಿ ತಂದೆಯ ಅಕ್ಷರ ಕೆತ್ತಿಸಿ. ಕೋವಿಯನ್ನು ಅಕ್ಕಸಾಲಿಗರ ಅಂಗಡಿಯಲ್ಲಿ ಬಿಟ್ಟುಬರುವಂತಿಲ್ಲ, ಅವರಿಗೆ ಅದನ್ನು ಇಟ್ಟುಕೊಳ್ಳುವ ಲೈಸೆನ್ಸ್ ಇಲ್ಲ. ಬಿಲ್ಲೆಯನ್ನು ಮಾತ್ರ ಅಕ್ಕಸಾಲಿಗರಲ್ಲಿ ಮಾಡಿಸಿ, ಮರಕ್ಕೆ ಕೂರಿಸುವ ಕೆಲಸವನ್ನು ಲೈಸೆನ್ಸ್ ಇರುವ ದುರಸ್ತಿಗಾರರಿಗೆ ಬಿಡಿ. ನೀವು ಬಯಸಿದ ಗುಟ್ಟಿನ ಉಡುಗೊರೆ ಆ ಬಿಲ್ಲೆಯೇ ಆಗಲಿ. ಅಂಗೈಯಲ್ಲಿ ಮುಚ್ಚಿಟ್ಟು ಕೊಡಬಹುದು.

ಅಜ್ಜನ ಕೋವಿ ಪರೀಕ್ಷೆಯಲ್ಲಿ ಸೋತರೆ ಮಾತ್ರ ಹೊಸತರ ಕಡೆ ನೋಡಿ. ವಿದೇಶಿ ಕೋವಿಗಳ ಆಮದು 1980ರ ದಶಕದಿಂದ ಸಾಮಾನ್ಯರಿಗೆ ನಿಂತುಹೋಗಿದೆ. ಹಾಗಾಗಿ ದೇಶದೊಳಗೆ ಉಳಿದ ಹಳೆಯ ಇಂಗ್ಲಿಷ್ ಕೋವಿಗಳಿಗೆ ಅವುಗಳ ಯೋಗ್ಯತೆಗೆ ಮೀರಿದ ಬೆಲೆ. ನಿಮ್ಮ ಹಣವನ್ನು ಅಲ್ಲಿ ಸುರಿಯಬೇಡಿ. ತಿರುಚಿರಾಪಳ್ಳಿಯ ಕಾರ್ಖಾನೆಯ, ಮುಂದಿನ ಹಿಡಿಯನ್ನು ಎಳೆದು ತೋಟೆ ಏರಿಸುವ ಪಂಪ್ ಆ್ಯಕ್ಷನ್ ಹನ್ನೆರಡು ಬೋರ್ ಗಟ್ಟಿ ಕೋವಿ, ಆದರೆ ಹಿರಿಯರ ಕೈಗೆ ಭಾರ. ಜಮ್ಮು, ಮುಂಗೇರ್ ಕಡೆಯ ಜೋಡುನಳಿಗೆಗಳಲ್ಲಿ ಒಂದೊಂದು ಒಂದೊಂದು ಬಗೆ, ಒಂದೇ ಅಂಗಡಿಯ ಎರಡು ಕೋವಿಗಳೂ ಸಮವಾಗಿರುವುದಿಲ್ಲ. ಹೊಳಪಿಗೆ ಮನಸೋಲದೆ ಮೂರು ಕಿಲೋ ಆಸುಪಾಸಿನ ತೂಕದ, ಮಡಿಚಿ ಮುಚ್ಚುವಾಗ ಬೀರುವಿನ ಬಾಗಿಲಿನಂತೆ ಒಂದೇ ಸದ್ದಿನಲ್ಲಿ ಕೂರುವ, ಎರಡು ಟ್ರಿಗರಿನ ಸರಳ ಕೋವಿಯನ್ನು ತಂದೆಯೇ ಎತ್ತಿ ನೋಡಿ ಆರಿಸಲಿ.

ಹಂದಿಯ ಬಗ್ಗೆ ಒಂದೇ ಮಾತು. ಲೈಸೆನ್ಸ್ ಇದೆಯೆಂದ ಮಾತ್ರಕ್ಕೆ ಹಂದಿಗೆ ಈಡು ಹೊಡೆಯುವಂತಿಲ್ಲ. 2022ರ ಮೇ ತಿಂಗಳಿನಿಂದ ಕೇರಳದಲ್ಲಿ ಆ ಆದೇಶ ಕೊಡುವ ಅಧಿಕಾರ ಸ್ಥಳೀಯಾಡಳಿತದ ಮುಖ್ಯಸ್ಥರಿಗೆ ಸಿಕ್ಕಿದೆ. ಪಂಚಾಯತಿನ ಆದೇಶದ ಮೇಲೆ, ನಿಯಮದ ಪ್ರಕಾರ ಮಾತ್ರ.

ಕೋವಿ ಮನೆಗೆ ಬಂದ ಮೇಲೆ ಅದರ ಶತ್ರು ನಮ್ಮ ಮಳೆಗಾಲ. ಚರ್ಮದ ಚೀಲದಲ್ಲಿ ಮುಚ್ಚಿಡುವವರನ್ನು ಕಂಡರೆ ನನಗೆ ಸಂಕಟ. ಚರ್ಮ ಆಟಿ ತಿಂಗಳ ತೇವವನ್ನೆಲ್ಲ ಹೀರಿ ನಳಿಗೆಗೆ ಉಣಿಸುತ್ತದೆ, ಮುಂದಿನ ಸೋಣ ತಿಂಗಳು ಬರುವಷ್ಟರಲ್ಲಿ ಚೀಲದ ಹೊಲಿಗೆಯ ಗುರುತೇ ತುಕ್ಕಾಗಿ ಮೂಡಿರುತ್ತದೆ. ತೆಂಗಿನೆಣ್ಣೆಯನ್ನೂ ಹಚ್ಚಬೇಡಿ. ಧನು ಮಾಸದ ಮುಂಜಾವದಲ್ಲಿ ಅದು ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ, ಕೋವಿಯ ಸ್ಪ್ರಿಂಗುಗಳ ನಡುವೆಯೂ ಅದೇ ಆಗುತ್ತದೆ. ಹಗುರವಾದ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಮುಟ್ಟಿಸಿ ನಳಿಗೆಗೆ ತೆಳುವಾಗಿ ಒರೆಸಿದರೆ ಸಾಕು. ಮರಕ್ಕೆ ವರ್ಷಕ್ಕೊಮ್ಮೆ ಕುದಿಸಿದ ಅಗಸೆ ಎಣ್ಣೆ ನಾಲ್ಕು ಹನಿ ಹಾಕಿ ಅಂಗೈಯಿಂದ ತಿಕ್ಕಿ. ಬೀಗವಿರುವ ಉಕ್ಕಿನ ಕಪಾಟೊಂದನ್ನು ಈಗಲೇ ಮಾಡಿಸಿ. ಮುರಕಲ್ಲಿನ ಗೋಡೆಗೆ ಸಣ್ಣ ಬೋಲ್ಟ್ ನಿಲ್ಲುವುದಿಲ್ಲ, ಗೋಡೆಯ ಆಚೆ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬಿಗಿಸಬೇಕು. ತೋಟೆಗಳಿಗೆ ಬೇರೆ ಬೀಗ, ಕೀಲಿಕೈ ತಂದೆಯ ಬಳಿ ಮಾತ್ರ. ಷಷ್ಟ್ಯಬ್ದಿಗೆ ಮನೆ ತುಂಬ ಮಕ್ಕಳು ಬರುತ್ತಾರೆ. ಅಂದು ಕೋವಿ ಚಾವಡಿಯಲ್ಲಿ ಪ್ರದರ್ಶನಕ್ಕೆ ಇರಕೂಡದು. ಬಿಲ್ಲೆಯನ್ನೋ ಕಪಾಟಿನ ಕೀಲಿಯನ್ನೋ ಹರಿವಾಣದಲ್ಲಿಟ್ಟು ಕೊಡಿ. ಕೋವಿಗೆ ಹೂವಿಡಲು ನವರಾತ್ರಿಯ ಆಯುಧಪೂಜೆಯಿದೆ.

ಧನು ಮಾಸಕ್ಕೆ ಕಾಗದಪತ್ರ ಮುಗಿಯದಿದ್ದರೆ ನೊಂದುಕೊಳ್ಳಬೇಡಿ. ನಡುವೆ ಚುನಾವಣೆ ಘೋಷಣೆಯಾದರೆ ಇರುವ ಕೋವಿಯನ್ನೂ ಠಾಣೆಯಲ್ಲಿ ಇಡಬೇಕಾಗಿ ಬರಬಹುದು, ತಂದೆಯವರಿಗೆ ಅದು ಹೊಸತೇನಲ್ಲ. ರಸೀದಿ ಸಿಕ್ಕಿದ ಕೂಡಲೇ ಡೀಲರ್ ಬಳಿ ತಂದೆಯವರನ್ನು ಕರೆದುಕೊಂಡು ಹೋಗಿ, ನಳಿಗೆಯ ಬುಡದ ಮುದ್ರೆಗಳನ್ನು ಹಗಲು ಬೆಳಕಿನಲ್ಲಿ, ಓರೆಯಾಗಿ ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸಿ. ನಂಬರಿನ ಮೇಲೆ ಬೆರಳಿಟ್ಟು ಮರೆಮಾಡಿ, ಅದು ನನಗೆ ಬೇಡ. ಉಳಿದ ಮುದ್ರೆಗಳನ್ನು ಓದಿ, ಆ ಕೋವಿ ಇನ್ನೊಂದು ತಲೆಮಾರು ಬಾಳುತ್ತದೋ ಇಲ್ಲವೋ ಹೇಳುತ್ತೇನೆ.